ಕಥೆ ಹೇಳುವ ಪಾಯಿಂಟ್ ಅಂಡ್ ಕ್ಲಿಕ್ ಆಟ ಕಟ್ಟುವುದರ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಒಂದು ಭಾಗ ಮುಳುಗಿದ ಹಳೆಯ ಬಾಗಲಕೋಟೆಯನ್ನು ನೆಲೆಯಾಗಿ ಇಟ್ಟುಕೊಂಡು ನಾವಿಬ್ಬರು ನವನಗರದಲ್ಲಿ ಒಂದು ಕಥಾಪ್ರಧಾನ ಕಂಪ್ಯೂಟರ್ ಆಟವನ್ನು ಕಟ್ಟುತ್ತಿದ್ದೇವೆ. ಬರವಣಿಗೆ ನನ್ನದು, ಚಿತ್ರಗಳು ಗೆಳತಿಯವು. ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರು, ಕಥೆ ಬರೆಯುವವರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಪಾಯಿಂಟ್ ಅಂಡ್ ಕ್ಲಿಕ್ ಅಡ್ವೆಂಚರ್ ಆಟ ಎಂದರೆ ಯಾವುದು?

ಪರದೆಯ ಮೇಲೆ ಒಂದು ಸ್ಥಳ ಕಾಣಿಸುತ್ತದೆ: ಅಂಗಡಿ, ಪಡಸಾಲೆ, ನದಿಯ ದಂಡೆ. ಅಲ್ಲಿರುವ ವಸ್ತುವಿನ ಮೇಲೆ ಅಥವಾ ವ್ಯಕ್ತಿಯ ಮೇಲೆ ಕ್ಲಿಕ್ ಮಾಡಿ ನೋಡಬಹುದು, ಎತ್ತಿಕೊಳ್ಳಬಹುದು, ಬಳಸಬಹುದು, ಮಾತನಾಡಿಸಬಹುದು. ಹೀಗೆ ಸಿಕ್ಕ ವಸ್ತು ಮತ್ತು ಸಂಗತಿಗಳಿಂದ ಒಗಟುಗಳನ್ನು ಬಿಡಿಸಿದಂತೆ ಕಥೆ ಮುಂದೆ ಸಾಗುತ್ತದೆ. ಕೈಯ ವೇಗ, ಗುರಿ ಹಿಡಿಯುವ ಕೌಶಲ ಇಲ್ಲಿ ಲೆಕ್ಕಕ್ಕಿಲ್ಲ.

ಈ ಪ್ರಕಾರದ ಮೂಲ ಬರಿಯ ಅಕ್ಷರಗಳಲ್ಲಿದೆ. ವಿಲ್ ಕ್ರೌಥರ್ 1976ರ ಸುಮಾರಿಗೆ ಬರೆದು ಮರುವರ್ಷ ಡಾನ್ ವುಡ್ಸ್ ಬೆಳೆಸಿದ ಗುಹೆಯ ಆಟದಲ್ಲಿ ಚಿತ್ರವೇ ಇರಲಿಲ್ಲ. ಆಟಗಾರ ಆಜ್ಞೆಗಳನ್ನು ಟೈಪ್ ಮಾಡಬೇಕಿತ್ತು. ರೋಬರ್ಟಾ ಮತ್ತು ಕೆನ್ ವಿಲಿಯಮ್ಸ್ ದಂಪತಿ 1980ರಲ್ಲಿ ‘ಮಿಸ್ಟರಿ ಹೌಸ್’ ಆಟದ ಮೂಲಕ ಇದಕ್ಕೆ ಗೆರೆಚಿತ್ರಗಳನ್ನು ಸೇರಿಸಿದರು. ಲೂಕಾಸ್‌ಫಿಲ್ಮ್ ಗೇಮ್ಸ್‌ನ ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನ್ನಿಕ್ 1987ರಲ್ಲಿ ರೂಪಿಸಿದ ‘ಮೇನಿಯಾಕ್ ಮ್ಯಾನ್ಶನ್’ ಕ್ರಿಯಾಪದಗಳನ್ನು ಪರದೆಯ ಕೆಳಭಾಗದಲ್ಲಿ ಪಟ್ಟಿಯಾಗಿ ಇಟ್ಟು, ಟೈಪ್ ಮಾಡುವ ಅಗತ್ಯವನ್ನೇ ಇಲ್ಲವಾಗಿಸಿತು. ಇಂದಿಗೂ ನಾವು ಬಳಸುವ ಕ್ರಮದ ಬಹುಪಾಲು ಅಲ್ಲಿಂದಲೇ ಬಂದದ್ದು.

ಇಷ್ಟು ಬಗೆಯ ಆಟಗಳಿರುವಾಗ ಇದನ್ನೇ ಕಟ್ಟುವುದರಲ್ಲಿ ಅಂಥ ಆಕರ್ಷಣೆ ಏನಿದೆ?

ಬರೆಯುವವನಿಗೆ ಇಲ್ಲಿ ಸಿಗುವಷ್ಟು ಕೆಲಸ ಬೇರೆ ಯಾವ ಬಗೆಯ ಆಟದಲ್ಲಿಯೂ ಸಿಗುವುದಿಲ್ಲ ಎಂಬುದು ನನ್ನ ಮೊದಲ ಉತ್ತರ. ಓಟ, ಜಿಗಿತ, ಕಾದಾಟಗಳ ಆಟಗಳಲ್ಲಿ ಕಥೆ ಎರಡು ಹಂತಗಳ ನಡುವಿನ ಬಿಡುವಿನಲ್ಲಿ ಬಂದು ಹೋಗುತ್ತದೆ. ಇಲ್ಲಿ ಹಾಗಲ್ಲ, ಆಟಗಾರನ ಪ್ರತಿಯೊಂದು ಕ್ಲಿಕ್ಕೂ ಒಂದು ಪ್ರಶ್ನೆ, ಅದಕ್ಕೆ ಯಾರಾದರೂ ಉತ್ತರ ಬರೆದಿರಲೇಬೇಕು. ನಮ್ಮ ಆಟದಲ್ಲಿ ಒಂದು ಹಳೆಯ ಕಾಳಿನ ಅಂಗಡಿಯ ಮೂಲೆಯಲ್ಲಿ ಗೋಣಿಚೀಲವೊಂದು ಬಿದ್ದಿದೆ. ಕಥೆಗೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೂ ನೋಡಿದರೆ ಒಂದು ಮಾತು, ಎತ್ತಲು ಹೋದರೆ ಇನ್ನೊಂದು ಮಾತು, ಅದರ ಮೇಲೆ ಲಾಟೀನಿನ ಬೆಳಕು ಬಿಟ್ಟರೆ ಮತ್ತೊಂದು ಮಾತು ಬೇಕು. ‘ಖಾಲಿ ಚೀಲಾ. ಇಲಿ ಕಡದ ಬಿಟ್ಟಾವು’ ಎಂದು ನಾಯಕಿ ಮೊದಲು ಹೇಳುತ್ತಾಳೆ. ಆ ಅಂಗಡಿ ತನ್ನ ಅಜ್ಜನದೇ ಆಗಿತ್ತೆಂದು ತಿಳಿದ ಮೇಲೆ ಅದೇ ಚೀಲವನ್ನು ನೋಡಿದರೆ ಅವಳು ಇಲಿಯ ಮಾತೆತ್ತುವುದಿಲ್ಲ. ಅದರ ಮೇಲೆ ಮಸುಕಾಗಿ ಉಳಿದಿರುವ ಅಂಗಡಿಯ ಗುರುತನ್ನು ಓದುತ್ತಾಳೆ. ಚಿತ್ರ ಬದಲಾಗಿಲ್ಲ, ಚೀಲ ಅಲ್ಲಿಯೇ ಇದೆ, ನೋಡುವವಳ ಅರಿವು ಮಾತ್ರ ಬದಲಾಗಿದೆ. ಇದನ್ನು ಆಟಗಾರ ತನ್ನದೇ ಕೈಯಿಂದ ಕಂಡುಕೊಳ್ಳುತ್ತಾನೆ ಎಂಬುದು ನನಗೆ ಈ ಪ್ರಕಾರದ ಅತಿ ದೊಡ್ಡ ಸುಖ.

ಎರಡನೆಯದು ಸ್ಥಳ. ಊರನ್ನು ಚೆನ್ನಾಗಿ ಬಲ್ಲವರು, ಯಾವ ಓಣಿಯಲ್ಲಿ ಯಾವ ಹೊತ್ತಿಗೆ ಬಿಸಿಲು ಬೀಳುತ್ತದೆ, ಯಾರು ಯಾವ ಕಟ್ಟೆಯ ಮೇಲೆ ಕೂಡುತ್ತಾರೆ ಎಂಬುದನ್ನು ಬಲ್ಲವರು, ಈ ಆಟವನ್ನು ಕಟ್ಟಲು ಬೇಕಾದ ಸಾಮಗ್ರಿಯ ಅರ್ಧದಷ್ಟನ್ನು ಆಗಲೇ ಹೊಂದಿರುತ್ತಾರೆ. ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲುಗಳಿರಲಿ, ಗುಳೇದಗುಡ್ಡದ ಖಣ ನೇಯುವ ಮನೆಯ ಕುಣಿಮಗ್ಗವಿರಲಿ, ಒಂದೇ ಪರದೆಯಲ್ಲಿ ನಿಂತು ಹತ್ತು ನಿಮಿಷ ನೋಡಿಸಿಕೊಳ್ಳುವ ಶಕ್ತಿ ಅಂಥ ಸ್ಥಳಗಳಿಗೆ ಇದೆ. ವೇಗದ ಆಟದಲ್ಲಿ ಅವು ಬರಿಯ ಹಿನ್ನೆಲೆಯಾಗಿ ಸರಿದುಹೋಗುತ್ತವೆ.

ಮೂರನೆಯದು ಪ್ರಮಾಣ. ಒಬ್ಬರೋ ಇಬ್ಬರೋ ಸೇರಿ ಮುಗಿಸಬಹುದಾದ ಆಟ ಇದು.

ಅದಕ್ಕಿಂತ ಒಂದು ಕಾದಂಬರಿಯನ್ನೇ ಬರೆಯಬಹುದಲ್ಲ?

ಬರೆಯಬಹುದು, ಬರೆಯಬೇಕು ಕೂಡ. ಆದರೆ ಕಾದಂಬರಿಯಲ್ಲಿ ಸಂಗತಿಗಳು ಬರುವ ಕ್ರಮ ಬರೆಯುವವನ ಕೈಯಲ್ಲಿರುತ್ತದೆ. ಇಲ್ಲಿ ಅದನ್ನು ಆಟಗಾರನೊಂದಿಗೆ ಹಂಚಿಕೊಳ್ಳಬೇಕಾಗುತ್ತದೆ. ಅಜ್ಜನ ಪತ್ರವನ್ನು ಓದಿ ಆಮೇಲೆ ಅವನ ಗೆಳೆಯನನ್ನು ಕಾಣುವವರಿದ್ದಾರೆ, ಗೆಳೆಯನನ್ನು ಮೊದಲು ಕಂಡು ಪತ್ರವನ್ನು ತಡವಾಗಿ ತೆರೆಯುವವರೂ ಇದ್ದಾರೆ. ಎರಡೂ ದಾರಿಯಲ್ಲಿ ಕಥೆ ನಿಲ್ಲಬೇಕು, ಎರಡರಲ್ಲಿಯೂ ಬೇರೆ ಬೇರೆ ಭಾವ ಹುಟ್ಟಬೇಕು. ಈ ಬಿಗಿ ಕೆಲವರಿಗೆ ಹಿಂಸೆ ಎನಿಸುತ್ತದೆ, ಅಂಥವರು ಕಾದಂಬರಿಯನ್ನೇ ಬರೆಯುವುದು ಒಳ್ಳೆಯದು.

ನಮ್ಮ ಭಾಗದವರಿಗೆ ಈ ಕ್ರಮ ತೀರ ಅಪರಿಚಿತವೇನೂ ಅಲ್ಲ. ಶ್ರೀಕೃಷ್ಣ ಪಾರಿಜಾತದ ಬಯಲಾಟದಲ್ಲಿ ಭಾಗವತನೂ ದೂತಿಯೂ ಪಾತ್ರಗಳನ್ನು ಮಾತಿಗೆಳೆದು, ಕೆಣಕಿ, ಕೇಳಿ ಕೇಳಿಯೇ ಕಥೆಯನ್ನು ಹೊರಡಿಸುತ್ತಾರೆ. ಪ್ರಶ್ನೆ ಕೇಳುವವರಿಲ್ಲದೆ ಅಲ್ಲಿ ರುಕ್ಮಿಣಿ, ಸತ್ಯಭಾಮೆಯರ ಮನಸ್ಸು ತೆರೆಯುವುದೇ ಇಲ್ಲ. ಸಂಭಾಷಣೆಯ ಆಯ್ಕೆಗಳನ್ನು ಬರೆಯುವಾಗ ನಾನು ನೆನೆಯುವುದು ಆ ದೂತಿಯನ್ನು.

ಈ ಆಟಗಳ ಕಾಲ ಮುಗಿದುಹೋಗಿದೆಯಲ್ಲವೇ?

ಹಾಗೆಂದು 1990ರ ದಶಕದ ಕೊನೆಯಿಂದ ಹೇಳುತ್ತಲೇ ಬಂದಿದ್ದಾರೆ. ರ್‍ಯಾಂಡ್ ಮತ್ತು ರಾಬಿನ್ ಮಿಲ್ಲರ್ ಸಹೋದರರ ‘ಮಿಸ್ಟ್’ 1993ರಲ್ಲಿ ಬಂದು, 2002ರವರೆಗೂ ಅತ್ಯಂತ ಹೆಚ್ಚು ಮಾರಾಟವಾದ ಪಿ.ಸಿ. ಆಟವಾಗಿ ಉಳಿದಿತ್ತು, ಅಂಥ ಎತ್ತರದಿಂದ ಇಳಿದದ್ದರಿಂದಲೇ ಇಳಿತ ದೊಡ್ಡದಾಗಿ ಕಂಡಿತು. ದೊಡ್ಡ ಕಂಪನಿಗಳು ಮೂರು ಆಯಾಮದ ಆಟಗಳತ್ತ ಹೊರಳಿದವು. ಆದರೆ ಚಿಕ್ಕ ತಂಡಗಳು ನಿಲ್ಲಿಸಲಿಲ್ಲ. ಚೆಕ್ ದೇಶದ ಅಮಾನಿತಾ ಡಿಸೈನ್ 2009ರಲ್ಲಿ ‘ಮಷಿನೇರಿಯಮ್’ ಎಂಬ ಆಟವನ್ನು ಸಂಭಾಷಣೆಯ ಮಾತುಗಳೇ ಇಲ್ಲದಂತೆ ರೂಪಿಸಿತು. ಡಬಲ್ ಫೈನ್ ಸಂಸ್ಥೆ 2012ರಲ್ಲಿ ಹೊಸ ಅಡ್ವೆಂಚರ್ ಆಟಕ್ಕೆಂದು ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಹಣ ಕೇಳಿದಾಗ 33 ಲಕ್ಷ ಡಾಲರಿಗೂ ಹೆಚ್ಚು ಕೂಡಿಬಂತು. ಹಳಬರಾದ ರಾನ್ ಗಿಲ್ಬರ್ಟ್ ಅವರೇ 2017ರಲ್ಲಿ ‘ತಿಂಬಲ್‌ವೀಡ್ ಪಾರ್ಕ್’, 2022ರಲ್ಲಿ ‘ರಿಟರ್ನ್ ಟು ಮಂಕಿ ಐಲ್ಯಾಂಡ್’ ಆಟಗಳೊಂದಿಗೆ ಮರಳಿದರು. ದೊಡ್ಡ ಮಾರುಕಟ್ಟೆ ಕೈಬಿಟ್ಟ ಪ್ರಕಾರದಲ್ಲಿ ಚಿಕ್ಕವರಿಗೆ ಜಾಗ ಸಿಗುತ್ತದೆ, ನಮಗೆ ಬೇಕಾದದ್ದೂ ಅಷ್ಟೇ.

ಒಗಟುಗಳನ್ನು ಹೇಗೆ ಹುಟ್ಟಿಸುವುದು?

ಒಗಟನ್ನು ಹೊರಗಿನಿಂದ ತಂದು ಕಥೆಯ ದಾರಿಗೆ ಅಡ್ಡ ಇಡಬಾರದು. ಪಾತ್ರಗಳ ಸ್ವಭಾವದಿಂದ, ಸ್ಥಳದ ರೀತಿಯಿಂದ ಅದು ತಾನಾಗಿ ಬರಬೇಕು. ಕೆಟ್ಟ ಒಗಟಿಗೆ ಎಲ್ಲರೂ ಕೊಡುವ ಉದಾಹರಣೆ 1999ರ ‘ಗೇಬ್ರಿಯಲ್ ನೈಟ್ 3’ ಆಟದ್ದು. ಅಲ್ಲಿ ನಾಯಕ ಇನ್ನೊಬ್ಬರ ಹೆಸರಿನಲ್ಲಿ ಬೈಕು ಬಾಡಿಗೆಗೆ ಪಡೆಯಲು, ಬೆಕ್ಕಿನ ಕೂದಲನ್ನು ಅಂಟಿಸಿ ಸುಳ್ಳು ಮೀಸೆ ಮಾಡಿಕೊಳ್ಳಬೇಕು. ಆ ಇನ್ನೊಬ್ಬನಿಗಾದರೋ ಮೀಸೆಯೇ ಇಲ್ಲ. ಆಟಗಾರ ಸರಿಯಾಗಿ ಯೋಚಿಸಿದಷ್ಟೂ ಉತ್ತರದಿಂದ ದೂರ ಹೋಗುತ್ತಾನೆ.

ನಮ್ಮ ಆಟದ ಒಂದು ಒಗಟನ್ನು ಹೇಳುತ್ತೇನೆ. ನಾಯಕಿಯ ಕೈಯಲ್ಲಿ ಒಂದು ಹಳೆಯ ಕೀಲಿಕೈ ಇದೆ. ಕಟ್ಟೆಯ ಮೇಲೆ ಕುಳಿತ ಮುದುಕನನ್ನು ಅವಳು, ‘ಅಜ್ಜಾರ, ಈ ಕೀಲಿಕೈ ಯಾವ ಬಾಗಲದ್ದ ಐತ್ರಿ?’ ಎಂದು ಕೇಳುತ್ತಾಳೆ. ಅವನು ಕೀಲಿಕೈಯನ್ನು ನೋಡುವುದೇ ಇಲ್ಲ. ‘ನೀ ಯಾರ ಪೈಕಿ, ತಂಗಿ? ಮದ್ಲ ಅದನ್ನ ಹೇಳು’ ಎನ್ನುತ್ತಾನೆ. ನಮ್ಮ ಕಡೆ ಹಿರಿಯರಿಂದ ಯಾವ ಸಂಗತಿಯನ್ನು ಪಡೆಯಬೇಕಾದರೂ ಮೊದಲು ದಾಟಬೇಕಾದ ಬಾಗಿಲು ಇದು. ಆಟಗಾರನ ಬಳಿ ಆ ಹೊತ್ತಿಗೆ ಅಜ್ಜನ ಹೆಸರು, ಮನೆತನದ ಅಡ್ಡಹೆಸರು, ಅಂಗಡಿಯ ಹೆಸರು ಬೇರೆ ಬೇರೆ ಕಡೆ ಸಿಕ್ಕಿರುತ್ತವೆ. ಅಧಿಕೃತ ದಾಖಲೆಯ ಹೆಸರನ್ನು ಹೇಳಿದರೆ ಮುದುಕ ತಲೆಯಾಡಿಸಿ ಸುಮ್ಮನಾಗುತ್ತಾನೆ. ಪೇಟೆಯ ಜನ ಕರೆಯುತ್ತಿದ್ದ ಅಡ್ಡಹೆಸರನ್ನು ಹೇಳಿದರೆ ಮಾತ್ರ ಮಾತು ಬಿಚ್ಚಿಕೊಳ್ಳುತ್ತದೆ. ‘ಆ ಬಾಗಲಾ ನೀರಾಗ ಹೋಗಿ ಭಾಳ ವರ್ಷ ಆತು’ ಎಂಬುದು ಅವನ ಮೊದಲ ವಾಕ್ಯ. ಇಲ್ಲಿ ಒಗಟು ಬಿಡಿಸುವುದೂ ಆ ಮನೆತನವನ್ನು ಅರಿಯುವುದೂ ಒಂದೇ ಕ್ರಿಯೆಯಾಗಿದೆ.

ಕಸುಬುಗಳ ಒಳತಿಳಿವಳಿಕೆಯೂ ಒಳ್ಳೆಯ ಮೂಲ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸನ್ನೂ (ಮಗ್ಗದ ಉದ್ದೆಳೆಗಳನ್ನೂ) ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಎರಡು ಬೇರೆ ಹಾಸುಗಳು ಕೂಡುವ ಆ ಸಾಲು ಎಲ್ಲಿದೆ ಎಂಬುದನ್ನು ಒಬ್ಬ ನೇಕಾರನಿಂದ ಕಲಿತ ಆಟಗಾರ, ಮುಂದೆ ಪೆಟ್ಟಿಗೆಯಲ್ಲಿ ಸಿಕ್ಕ ಸೀರೆಯಲ್ಲಿ ಅದನ್ನು ತಾನೇ ಹುಡುಕಿ ಕಥೆಯ ಎಳೆಯೊಂದನ್ನು ಹಿಡಿಯುವಂತೆ ಮಾಡಬಹುದು. ಕಲಿತದ್ದನ್ನು ಇನ್ನೊಂದು ಕಡೆ ಬಳಸುವ ಇಂಥ ಒಗಟು, ಕೀಲಿಯನ್ನು ಬೀಗಕ್ಕೆ ಹಾಕುವ ಹತ್ತು ಒಗಟುಗಳಿಗಿಂತ ಮೇಲು.

ಯೋಜನೆ ಮಾಡುವಾಗ ಕೊನೆಯಿಂದ ಹಿಂದಕ್ಕೆ ಬನ್ನಿ. ಕೊನೆಯ ಬಾಗಿಲು ತೆರೆಯಲು ಏನು ಬೇಕು, ಅದನ್ನು ಪಡೆಯಲು ಯಾರನ್ನು ಒಲಿಸಬೇಕು, ಅವರನ್ನು ಒಲಿಸಲು ಏನು ತಿಳಿದಿರಬೇಕು ಎಂದು ಒಂದು ದೊಡ್ಡ ಹಾಳೆಯ ಮೇಲೆ ಬಾಣದ ಗುರುತುಗಳಿಂದ ಬರೆಯುತ್ತ ಹೋಗಿ. ಬಾಣಗಳೆಲ್ಲ ಒಂದೇ ಸಾಲಿನಲ್ಲಿ ಬಂದರೆ ಆಟಗಾರ ಒಂದು ಒಗಟಿನಲ್ಲಿ ನಿಂತಾಗ ಇಡೀ ಆಟವೇ ನಿಂತಂತಾಗುತ್ತದೆ. ಎರಡು ಮೂರು ಎಳೆಗಳು ಒಟ್ಟಿಗೆ ತೆರೆದಿರಲಿ.

ಆಟಗಾರ ಪೂರ್ತಿ ಸಿಕ್ಕಿಕೊಂಡರೆ?

ಸಿಕ್ಕಿಕೊಳ್ಳುವುದರಲ್ಲಿ ಎರಡು ಬಗೆ ಇದೆ. ಯೋಚಿಸಿದರೆ ದಾರಿ ಸಿಗುವಂಥದ್ದು ಆಟದ ರುಚಿಯೇ ಸರಿ. ಮೊದಲಿನ ದೃಶ್ಯದಲ್ಲಿ ಒಂದು ವಸ್ತುವನ್ನು ಎತ್ತಿಕೊಳ್ಳದೆ ಬಂದುದರಿಂದ ಇನ್ನು ಆಟ ಮುಗಿಯುವುದೇ ಸಾಧ್ಯವಿಲ್ಲ ಎಂಬ ಸ್ಥಿತಿ ಮಾತ್ರ ಕಟ್ಟಿದವರ ಅಪರಾಧ. 1980ರ ದಶಕದ ಅನೇಕ ಆಟಗಳಲ್ಲಿ ಇದು ಸಾಮಾನ್ಯವಾಗಿತ್ತು, ಮಾತು ಮಾತಿಗೆ ಸಾಯುವುದೂ ಇತ್ತು. ಗಿಲ್ಬರ್ಟ್ 1989ರ ತಮ್ಮ ಲೇಖನದಲ್ಲಿ ಇದನ್ನೆಲ್ಲ ಖಂಡಿಸಿ, ಮರುವರ್ಷದ ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ ಆಟದಲ್ಲಿ ಬೇರೆ ದಾರಿಯನ್ನು ಮಾಡಿ ತೋರಿಸಿದರು. ನಾವೂ ಅದೇ ದಾರಿಯವರು. ಸುಳಿವು ಬೇಕಾದವರಿಗೆ ಆಟದೊಳಗೆಯೇ ಚಹಾದ ಅಂಗಡಿಯ ಕಾಕಾ ಇದ್ದಾನೆ. ಅವನನ್ನು ಎರಡನೆಯ ಸಲ ಕೇಳಿದರೆ ಮೊದಲಿಗಿಂತ ಸ್ಪಷ್ಟವಾಗಿ ಹೇಳುತ್ತಾನೆ.

ಯಾವ ಸಾಫ್ಟ್‌ವೇರ್ ಬಳಸಬೇಕು?

ಕ್ರಿಸ್ ಜೋನ್ಸ್ 1997ರಲ್ಲಿ ಆರಂಭಿಸಿದ ಅಡ್ವೆಂಚರ್ ಗೇಮ್ ಸ್ಟುಡಿಯೋ ಇದೇ ಪ್ರಕಾರಕ್ಕೆಂದು ಇರುವ ಉಚಿತ ಸಾಧನ. ‘ಜೆಮಿನಿ ರೂ’, ‘ಅನ್‌ಅವೌಡ್’ ಮುಂತಾದ ಒಳ್ಳೆಯ ಆಟಗಳು ಅದರಲ್ಲಿ ಹುಟ್ಟಿವೆ. ಗೊಡಾಟ್ ಎಲ್ಲ ಬಗೆಯ ಆಟಗಳಿಗೂ ಆಗುವ ಮುಕ್ತ ತಂತ್ರಾಂಶ. ಕಥೆಯ ಕವಲುಗಳನ್ನು ಮಾತ್ರ ಮೊದಲು ಪರೀಕ್ಷಿಸಲು ಟ್ವೈನ್ ಸಾಕು. ಅದಕ್ಕೆ ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ. ಇವು ಮೂರಕ್ಕೂ ಹಣ ಕೊಡಬೇಕಿಲ್ಲ. ಕನ್ನಡದಲ್ಲಿಯೇ ಆಟ ಮಾಡುವವರಿಗೆ ನಾನು ಗೊಡಾಟ್‌ನ ನಾಲ್ಕನೆಯ ಆವೃತ್ತಿಯನ್ನು ಸೂಚಿಸುತ್ತೇನೆ. ಕಾರಣ ಮುಂದಿನ ಉತ್ತರದಲ್ಲಿದೆ.

ಕನ್ನಡ ಅಕ್ಷರಗಳು ಸರಿಯಾಗಿ ಮೂಡುತ್ತವೆಯೇ?

ಕೆಲವು ಎಂಜಿನ್‌ಗಳಲ್ಲಿ, ಅಂದರೆ ಆಟ ಕಟ್ಟುವ ತಂತ್ರಾಂಶಗಳಲ್ಲಿ, ಮೂಡುವುದಿಲ್ಲ. ‘ಸ್ತ್ರೀ’ ಎಂಬುದು ಓದುವವರಿಗೆ ಒಂದೇ ಅಕ್ಷರ, ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ಆರು ಸಂಕೇತಗಳು. ಆ ಆರನ್ನು ಕೂಡಿಸಿ ಒತ್ತಕ್ಷರದ ರೂಪ ಕೊಡುವ ಕೆಲಸವನ್ನು ಎಂಜಿನ್ ಮಾಡಬೇಕು. ಮಾಡದಿದ್ದರೆ ಅರ್ಧಾಕ್ಷರಗಳು ಬಿಡಿ ಬಿಡಿಯಾಗಿ ಸಾಲುಗಟ್ಟಿ ನಿಲ್ಲುತ್ತವೆ. ಗೊಡಾಟ್‌ನ ನಾಲ್ಕನೆಯ ಆವೃತ್ತಿ ಹಾರ್ಫ್‌ಬಜ್ ಎಂಬ ಜೋಡಣಾ ವ್ಯವಸ್ಥೆಯನ್ನು ತನ್ನೊಳಗೆ ಇಟ್ಟುಕೊಂಡಿರುವುದರಿಂದ ಅಲ್ಲಿ ಕನ್ನಡ ನೆಟ್ಟಗೆ ಬರುತ್ತದೆ. ಬೇರೆ ಯಾವುದನ್ನೇ ಆರಿಸಿಕೊಂಡರೂ ಮೊದಲ ದಿನವೇ ‘ಸ್ತ್ರೀ’, ‘ರಾಷ್ಟ್ರ’, ‘ಅರ್ಘ್ಯ’ ಎಂಬ ಪದಗಳನ್ನು ಬರೆದು ನೋಡಿ; ಮೂರೂ ಸರಿಯಾಗಿ ಬಂದರೆ ಮುಂದುವರಿಯಬಹುದು.

ಮಾತು ಒಂದೊಂದೇ ಅಕ್ಷರವಾಗಿ ಮೂಡುವ ಪರಿಣಾಮ ಈ ಆಟಗಳಲ್ಲಿ ಪ್ರಿಯವಾದದ್ದು. ಸಂಕೇತಗಳನ್ನು ಒಂದೊಂದಾಗಿ ಬಿಟ್ಟರೆ ‘ಕ್ಷ’ ಮೊದಲು ‘ಕ’ ಆಗಿ, ಆಮೇಲೆ ‘ಕ್’ ಆಗಿ, ಕೊನೆಗೆ ತನ್ನ ರೂಪಕ್ಕೆ ಬಂದು ಕಣ್ಣಿಗೆ ಕಿರಿಕಿರಿ ಮಾಡುತ್ತದೆ. ಅಕ್ಷರ ಜೋಡಣೆಯಾದ ಮೇಲೆ ಎಣಿಸುವಂತೆ ಎಂಜಿನ್‌ಗೆ ಹೇಳಿ, ಅಥವಾ ಪದಪದವಾಗಿ ತೋರಿಸಿ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಇವೆ. ಎರಡೂ ಮುಕ್ತ ಪರವಾನಗಿಯವು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. 320 ಬೈ 200 ಪಿಕ್ಸೆಲ್‌ಗಳ ಹಳೆಯ ಶೈಲಿಯ ಪರದೆಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಎಂಟು ಪಿಕ್ಸೆಲ್ ಎತ್ತರ ಸಾಲುತ್ತಿತ್ತು, ಕನ್ನಡಕ್ಕೆ ಸಾಲುವುದಿಲ್ಲ. ನಿಮ್ಮ ಕಥೆ ಹಳೆಯ ‘ನುಡಿ’ ತಂತ್ರಾಂಶದ ಫಾಂಟುಗಳಲ್ಲಿ ಟೈಪ್ ಆಗಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಇಂಗ್ಲಿಷ್ ಆಟಗಳಲ್ಲಿ ಮೊದಲು ಕ್ರಿಯಾಪದವನ್ನು, ಆಮೇಲೆ ವಸ್ತುವನ್ನು ಆರಿಸಿ ವಾಕ್ಯ ಕಟ್ಟುವ ರೂಢಿ ಇದೆ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆದ್ದರಿಂದ ನಮ್ಮ ಆಟದಲ್ಲಿ ಮೊದಲು ವಸ್ತುವನ್ನು ಒತ್ತಿದರೆ ಅದರ ಸುತ್ತ ಕ್ರಿಯೆಗಳು ತೆರೆದುಕೊಳ್ಳುತ್ತವೆ: ಕೀಲಿಕೈಯನ್ನು, ಅಜ್ಜನಿಗೆ, ತೋರಿಸು. ವಿಭಕ್ತಿ ಪ್ರತ್ಯಯಗಳನ್ನು ಕಂಪ್ಯೂಟರಿಗೆ ಬಿಟ್ಟರೆ ‘ಕೀಲಿಕೈನ್ನು’ ಎಂಬಂಥ ರೂಪಗಳು ಹುಟ್ಟುತ್ತವೆ. ಪ್ರತಿ ವಸ್ತುವಿಗೂ ಬೇಕಾದ ನಾಲ್ಕೈದು ರೂಪಗಳನ್ನು ನೀವೇ ಪಟ್ಟಿಯಲ್ಲಿ ಬರೆದಿಡುವುದು ಉತ್ತಮ.

ಸಂಭಾಷಣೆ ಗ್ರಾಂಥಿಕ ಕನ್ನಡದಲ್ಲಿರಬೇಕೇ, ಆಡುಮಾತಿನಲ್ಲೇ?

ಪಾತ್ರಗಳ ಮಾತು ಆಡುಮಾತಿನಲ್ಲಿಯೇ ಇರಲಿ. ವಸ್ತುಗಳ ಹೆಸರು, ಮೆನು, ಸೂಚನೆಗಳು ಶಿಷ್ಟ ಕನ್ನಡದಲ್ಲಿದ್ದರೆ ಮೈಸೂರು, ಮಂಗಳೂರು ಕಡೆಯವರಿಗೂ ಆಟ ಕೈತಪ್ಪುವುದಿಲ್ಲ. ಬಾಗಲಕೋಟೆಯ ಮಾತನ್ನು ಬರಿಯ ಹಾಸ್ಯಕ್ಕೆಂದು ಬಳಸುವ ಚಾಳಿ ಮಾತ್ರ ಬೇಡ. ಇಲ್ಲಿ ಜನ ಲೆಕ್ಕಪತ್ರವನ್ನೂ ದುಃಖವನ್ನೂ ಇದೇ ಮಾತಿನಲ್ಲಿ ಆಡುತ್ತಾರೆ.

ಚಿತ್ರ ಬಿಡಿಸಲು ಬರದವರು ಏನು ಮಾಡಬೇಕು?

ಬರುವವರನ್ನು ಜೊತೆಗೆ ಸೇರಿಸಿಕೊಳ್ಳಿ. ಸಿಗದಿದ್ದರೆ ನೀವೇ ತೆಗೆದ ಫೋಟೋಗಳ ಮೇಲೆ ಬಣ್ಣ ಹಚ್ಚಿ ಆರಂಭಿಸಬಹುದು.

ಮುಳುಗಡೆಯಂಥ ನೋವಿನ ಸಂಗತಿಯನ್ನು ಆಟವಾಗಿಸುವುದು ಸರಿಯೇ?

ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವವರು ಹಿರಿಯರು, ಕೇಳಬೇಕಾದದ್ದೂ ಹೌದು. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಅಡಿಗಲ್ಲು ಬಿತ್ತು. ಅದರ ಹಿನ್ನೀರಿಗೆ ಬಾಗಲಕೋಟೆಯ ಒಂದು ಭಾಗವೂ ಅನೇಕ ಹಳ್ಳಿಗಳೂ ಹೋದವು, ಜನ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಬಂದರು. ಅಣೆಕಟ್ಟೆಯ ನೀರಿನಿಂದ ಹಸಿರಾದ ಹೊಲಗಳೂ ಇದೇ ಸೀಮೆಯಲ್ಲಿವೆ, ಆದ್ದರಿಂದ ಒಬ್ಬ ಖಳನಾಯಕನನ್ನು ತೋರಿಸಿ ಕಥೆ ಮುಗಿಸಲು ಬರುವುದಿಲ್ಲ.

ಆಟ ಎಂಬುದನ್ನು ಗೆಲ್ಲುವುದು, ಸೋಲುವುದು ಎಂದು ತಿಳಿದರೆ ಅನುಮಾನ ಸಹಜ. ಆದರೆ ಈ ಪ್ರಕಾರದಲ್ಲಿ ಗೆಲ್ಲುವುದೆಂದರೆ ತಿಳಿಯುವುದು. ನಮ್ಮ ಆಟದಲ್ಲಿ ದಂಡೆಯ ದೃಶ್ಯ ಎರಡು ಸಲ ಬರುತ್ತದೆ, ಮಳೆಗಾಲ ಮುಗಿದು ಹಿನ್ನೀರು ತುಂಬಿರುವಾಗ ಒಮ್ಮೆ, ಬೇಸಿಗೆಯಲ್ಲಿ ನೀರಿಳಿದು ಅಂಚಿನ ನೆಲ ಹೊರಬಿದ್ದಾಗ ಇನ್ನೊಮ್ಮೆ. ಮೊದಲ ಸಲ ಬರಿಯ ನೀರೆಂದು ದಾಟಿಹೋದ ಜಾಗದಲ್ಲಿ ಎರಡನೆಯ ಸಲ ಮನೆಯ ತಳಪಾಯ ಕಾಣುತ್ತದೆ, ಆಟಗಾರನೇ ಒಂದೊಂದು ಕೋಣೆಯನ್ನು ಗುರುತಿಸಬೇಕು. ಪಡಸಾಲೆ ಯಾವುದು, ದೇವರಮನೆ ಯಾವುದು ಎಂದು ಹೇಳಿಕೊಡುವವರು ಆಟದೊಳಗಿನ ಮುದುಕರು.

ಕೆಲವು ನಿಯಮಗಳನ್ನು ನಾವು ಹಾಕಿಕೊಂಡಿದ್ದೇವೆ. ಯಾವ ನಿಜ ಮನೆತನದ ಹೆಸರನ್ನೂ ಬಳಸುವುದಿಲ್ಲ. ಒಬ್ಬರು ಹೇಳಿದ ನೆನಪನ್ನು ಅವರ ಒಪ್ಪಿಗೆ ಇಲ್ಲದೆ ಪಾತ್ರದ ಬಾಯಲ್ಲಿ ಇಡುವುದಿಲ್ಲ. ಪರಿಹಾರದ ಹಣದ ಜಗಳವನ್ನು ಒಗಟಾಗಿಸುವುದಿಲ್ಲ. ಅದು ಸಂಭಾಷಣೆಯಲ್ಲಿ ಮಾತ್ರ ಬರುತ್ತದೆ.

ಇದರಿಂದ ದುಡ್ಡು ಬರುತ್ತದೆಯೇ?

ನೌಕರಿ ಬಿಡುವಷ್ಟು ಬರುತ್ತದೆಂದು ನಂಬಿ ಇಳಿಯಬೇಡಿ. ಇಚ್ ಡಾಟ್ ಐಒ ತಾಣದಲ್ಲಿ ಆಟವನ್ನು ಪುಕ್ಕಟೆ ಇಡಬಹುದು, ಬೆಲೆ ಕಟ್ಟಿಯೂ ಇಡಬಹುದು. ಸ್ಟೀಮ್ ಎಂಬ ಆಟಗಳ ಮಾರಾಟ ತಾಣದಲ್ಲಿ ಪ್ರತಿ ಆಟಕ್ಕೂ 100 ಡಾಲರ್ ಕಟ್ಟಬೇಕು.

ಮೊದಲ ಆಟ ಎಷ್ಟು ದೊಡ್ಡದಿರಬೇಕು?

ಮೂರು ಸ್ಥಳ, ನಾಲ್ಕು ಪಾತ್ರ, ಅರ್ಧ ಗಂಟೆಯ ಆಟ. ಇದು ಚಿಕ್ಕದೆಂದು ತೋರಿದರೆ ಲೆಕ್ಕ ಹಾಕಿ: ಕೈಯಲ್ಲಿ ಹತ್ತು ವಸ್ತುಗಳಿದ್ದು ಪರದೆಗಳಲ್ಲಿ ಮೂವತ್ತು ಜಾಗಗಳನ್ನು ಒತ್ತಬಹುದಾದರೆ ಮುನ್ನೂರು ಜೋಡಿಗಳಾಗುತ್ತವೆ. ಅವುಗಳಲ್ಲಿ ಸರಿಯಾದವು ಬೆರಳೆಣಿಕೆಯಷ್ಟು; ಉಳಿದವಕ್ಕೆಲ್ಲ ‘ಅದು ಆಗುವುದಿಲ್ಲ’ ಎಂಬ ಒಂದೇ ಉತ್ತರ ಕೊಟ್ಟರೆ ಆಟಗಾರನಿಗೆ ಗೋಡೆಯೊಂದಿಗೆ ಮಾತನಾಡಿದಂತಾಗುತ್ತದೆ.

ಆಟವನ್ನು ಪರೀಕ್ಷಿಸುವುದು ಹೇಗೆ?

ಊರಿನವರಲ್ಲದ ಒಬ್ಬರನ್ನು, ಕಂಪ್ಯೂಟರ್ ಆಟದ ರೂಢಿಯಿಲ್ಲದ ಊರಿನವರೊಬ್ಬರನ್ನು ಬೇರೆ ಬೇರೆಯಾಗಿ ಕೂಡಿಸಿ ಆಡಿಸಿ. ಪಕ್ಕದಲ್ಲಿ ಕುಳಿತು ತುಟಿ ಬಿಚ್ಚಬೇಡಿ. ಇದು ಅಂದುಕೊಂಡಷ್ಟು ಸುಲಭವಲ್ಲ. ಅವರು ಯಾವ ವಸ್ತುವನ್ನು ಯಾವುದಕ್ಕೆ ಹಚ್ಚಿ ನೋಡಿದರು ಎಂಬುದನ್ನು ಒಂದು ಕಡತದಲ್ಲಿ ದಾಖಲಾಗುವಂತೆ ಪ್ರೋಗ್ರಾಮಿನಲ್ಲಿಯೇ ವ್ಯವಸ್ಥೆ ಮಾಡಿ. ಹೊರಗಿನವರು ತಡೆದು ನಿಂತ ಜಾಗದಲ್ಲಿ ಸುಳಿವು ಕಡಿಮೆ ಇದೆ ಎಂದರ್ಥ. ಊರಿನವರು ನೀವು ಎಣಿಸದ ಪ್ರಯತ್ನವನ್ನು ಮಾಡಿದ್ದರೆ, ಉದಾಹರಣೆಗೆ ಮುದುಕನಿಗೆ ಕೀಲಿಕೈ ತೋರಿಸುವ ಮೊದಲು ಎಲೆ ಅಡಿಕೆ ಕೊಡಲು ಹೋಗಿದ್ದರೆ, ಅದಕ್ಕೆ ಉತ್ತರ ಬರೆಯಿರಿ; ಬಹಳಷ್ಟು ಸಲ ಆ ಪ್ರಯತ್ನ ನಿಮ್ಮ ಒಗಟಿಗಿಂತ ಚೆನ್ನಾಗಿರುತ್ತದೆ, ಆಗ ಒಗಟನ್ನೇ ಬದಲಿಸಿ.